ಗಜನಿಂಬೆಯ ಮೇಲೆ ನಿಂತ ಟೇಬಲ್

2001ರಲ್ಲಿ ನಾನು ಮೈಸೂರಿನಲ್ಲಿ ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಟೇಬಲ್‌ಗಳನ್ನು ಜೋಡಿಸುವ ಫಿಟ್ಟರ್ ಆಗಿದ್ದೆ. ಆ ವರ್ಷ ನಂಜನಗೂಡಿನಲ್ಲಿ ನಡೆದ ಜಿಲ್ಲಾ ಮಟ್ಟದ ಪೂಲ್ ಪಂದ್ಯಾವಳಿಗೆ ನನ್ನನ್ನು ಟೇಬಲ್ ಇನ್‌ಚಾರ್ಜ್ ಎಂದು ನೇಮಿಸಿದ್ದರು. ಹೆಸರು ಕೇಳಲಿಕ್ಕೆ ಭಾರಿಯಾಗಿದೆ, ಕೆಲಸ ಮಾತ್ರ ಇಷ್ಟೇ: ಪ್ರತಿ ಪಂದ್ಯಕ್ಕೆ ಮೊದಲು ಟೇಬಲ್ ಸಮವಾಗಿದೆಯೇ ಎಂದು ನೋಡಿ, ರೆಫರಿಗೆ ‘ಸರಿ ಇದೆ’ ಎಂದು ಹೇಳುವುದು. ನಿವೃತ್ತನಾದ ಮೇಲೆ ನಿನ್ನ ಅನುಭವ ಏನಾದರೂ ಬರಿ ಎಂದು ಗೆಳೆಯರು ಗಂಟುಬಿದ್ದಾಗ, ನಮ್ಮ ತಂದೆಯ ಕಾಲದ ಒಂದು ದೊಡ್ಡ ಟೇಬಲನ್ನು ಬಿಚ್ಚಿ ಕಟ್ಟಿದ ಕಥೆ ಬರೆದು ಒಂದಿಷ್ಟು ಶಹಬ್ಬಾಸ್ ಗಿಟ್ಟಿಸೋಣ ಅಂದುಕೊಂಡಿದ್ದೆ. ಕಾಗದ ಮುಂದಿಟ್ಟುಕೊಂಡು ಕೂತಾಗ ನಂಜನಗೂಡಿನದೇ ಬಂತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ನನ್ನ ಕೆಲಸದ ಬಗ್ಗೆ ಎರಡು ಮಾತು. ಪೂಲ್ ಟೇಬಲ್ಲಿನ ಹಸಿರು ಬಟ್ಟೆಯ ಕೆಳಗಿರುವುದು ಹಲಗೆಯಲ್ಲ, ಸ್ಲೇಟ್ ಕಲ್ಲು. ದೊಡ್ಡ ಟೇಬಲ್ಲಿಗೆ ಮೂರು ಚಪ್ಪಡಿಗಳನ್ನು ಪಕ್ಕಪಕ್ಕ ಕೂರಿಸಿ, ಸಂದಿಗೆ ಜೇನುಮೇಣ ತುಂಬಿ, ಉಜ್ಜಿ, ಅದರ ಮೇಲೆ ಬಟ್ಟೆ ಬಿಗಿಯುತ್ತೇವೆ. ಕಲ್ಲು ಸಮವಾಗಿದೆಯೇ ಎಂದು ನೋಡುವುದು ಸ್ಪಿರಿಟ್ ಲೆವೆಲ್ಲಿನಿಂದ, ಗಾರೆಯವರು ರಸಮಟ್ಟ ಅನ್ನುತ್ತಾರಲ್ಲ, ಅದರಿಂದ. ಗುಳ್ಳೆ ನಡುವೆ ನಿಲ್ಲದಿದ್ದರೆ ಕಲ್ಲಿನ ಕೆಳಗೆ ಹಳೇ ಇಸ್ಪೀಟ್ ಎಲೆಯ ಚೂರು ಕೊಡುತ್ತೇವೆ. ಒಂದು ಎಲೆಯ ದಪ್ಪದ ವ್ಯತ್ಯಾಸವನ್ನು ಜೋರಾಗಿ ಹೊಡೆದ ಚೆಂಡು ಬಾಯಿಬಿಡುವುದಿಲ್ಲ. ಮೆಲ್ಲಗೆ ಉರುಳುವ ಚೆಂಡು ತಪ್ಪದೆ ಬಾಯಿಬಿಡುತ್ತದೆ. ನನಗೆ ಆಗ ನನ್ನ ಕೈಯ ಬಗ್ಗೆ ವಿಪರೀತ ಜಂಬವಿತ್ತು. ಜಯರಾಮು ಕೂರಿಸಿದ ಟೇಬಲ್ಲಿನ ಮೇಲೆ ಚೆಂಡು ದಾರಿ ತಪ್ಪಿದರೆ ಅದು ಹೊಡೆದವನ ತಪ್ಪು ಅಂತ ಕ್ಲಬ್ಬುಗಳಲ್ಲಿ ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಪೂಲ್ ನಮ್ಮ ತಾಲ್ಲೂಕು ಊರುಗಳಿಗೂ ಬಂತು. ತಿ. ನರಸೀಪುರದಲ್ಲಿ ಟಾಕೀಸು ನಡೆಸುತ್ತಿದ್ದ ಚಿಕ್ಕಣ್ಣನವರು, ಸಿನಿಮಾಕ್ಕೆ ಜನ ಕಡಿಮೆಯಾದ ಮೇಲೆ ಟಾಕೀಸಿನ ಹಿಂಬದಿಯಲ್ಲಿ ಪೂಲ್ ಟೇಬಲ್ ಹಾಕಿಸಿದರು. ಅದನ್ನು ಕೇಳಿ ಸುಮ್ಮನಿರಲಾರದೆ ನಂಜನಗೂಡಿನ ಗುರುಮಲ್ಲಪ್ಪನವರು, ಲಾರಿಗಳನ್ನೂ ಒಂದು ಕಲ್ಯಾಣಮಂಟಪವನ್ನೂ ಇಟ್ಟುಕೊಂಡಿದ್ದವರು, ಬಸ್ ಸ್ಟ್ಯಾಂಡಿನ ಹತ್ತಿರದ ತಮ್ಮ ಮಹಡಿಯಲ್ಲಿ ಇನ್ನೂ ದೊಡ್ಡ ಟೇಬಲ್ ಹಾಕಿಸಿದರು. ಎರಡು ಕಡೆಯೂ ಕೂರಿಸಿದವನು ನಾನೇ. ಇಬ್ಬರಿಗೂ ಕೋಲು ಹಿಡಿಯುವುದು ಬರುತ್ತಿರಲಿಲ್ಲ. ಆದರೆ ಗುರುಮಲ್ಲಪ್ಪನವರ ಬ್ಯಾನರಿನಲ್ಲಿ ‘ಕ್ರೀಡಾಪೋಷಕ, ಪೂಲ್ ಪಿತಾಮಹ’ ಎಂದು ಬಂತು. ಚಿಕ್ಕಣ್ಣನವರು ‘ಯುವಜನರ ಆಶಾಕಿರಣ’ ಆದರು. ಈ ಬಿರುದುಗಳನ್ನು ಕೊಟ್ಟವರು ಯಾರು ಎಂದು ನಾನು ಬ್ಯಾನರ್ ಬರೆಯುವವನನ್ನು ಕೇಳಿದೆ. ಅವರೇ ಬರೆದು ಕಳಿಸಿದ್ದು ಅಂತ ನಕ್ಕ. ನಾನೂ ನಕ್ಕಿದ್ದೆ.

ಇವರಿಬ್ಬರ ಜಗಳಕ್ಕೆ ಕಾರಣನಾದವನು ಸಿದ್ದರಾಜು. ದೇವನೂರಿನವನು, ಕೂಲಿ ಮಾಡುವ ಮನೆಯವನು, ಇಪ್ಪತ್ತೈದು ದಾಟಿದ ಆಳು. ಮೊದಲು ಚಿಕ್ಕಣ್ಣನವರ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದ. ಪೂಲ್ ಬಂದ ಮೇಲೆ ಅಲ್ಲೇ ಮಾರ್ಕರ್ ಆದ. ಮಾರ್ಕರ್ ಅಂದರೆ ಚೆಂಡು ಜೋಡಿಸಿ ಕೊಡುವ, ಅಂಕ ಹೇಳುವ, ಬಟ್ಟೆ ಬ್ರಷ್ ಮಾಡುವ ಕೆಲಸದವನು. ಆಮೇಲೆ ಊರಿಗೆ ಹತ್ತಿರ, ಬಸ್ಸಿನ ಅನುಕೂಲ ಅಂತ ನಂಜನಗೂಡಿಗೆ ಬಂದು ಗುರುಮಲ್ಲಪ್ಪನವರಲ್ಲಿ ಅದೇ ಕೆಲಸಕ್ಕೆ ಸೇರಿದ. ಗಿರಾಕಿಗಳು ಬರುವ ಮುಂಚೆ ಬೆಳಗ್ಗೆ ಬಟ್ಟೆ ಬ್ರಷ್ ಮಾಡಿ ಒಬ್ಬನೇ ಆಡುತ್ತಿದ್ದ. ಹಾಗೆ ಆಡಿ ಆಡಿ ಮೈಸೂರಿನ ಕ್ಲಬ್ಬಿನವರೂ ಬೆರಗಾಗುವಂತೆ ಆಡತೊಡಗಿದ. ಕಲಿಸಿದವರು ಯಾರೂ ಇರಲಿಲ್ಲ. ಅವನು ಗೆಲ್ಲಲು ಶುರುಮಾಡಿದ ಮೇಲೆ ಕಲಿಸಿದವರು ಇಬ್ಬರು ಹುಟ್ಟಿಕೊಂಡರು.

“ಇವನ್ ಕೈಗೆ ಮೊದ್ಲು ಕೋಲು ಕೊಟ್ಟೋನು ನಾನು ಕಣ್ರೀ. ನರಸೀಪುರದ ಅನ್ನ ತಿಂದು ನಂಜನಗೂಡ್ನಲ್ಲಿ ಕೈ ತೊಳೀತಾವ್ನೆ,” ಎಂದು ಚಿಕ್ಕಣ್ಣನವರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಗುರುಮಲ್ಲಪ್ಪನವರು ಒಂದು ಹೆಜ್ಜೆ ಮುಂದೆ ಹೋಗಿ ಕರಪತ್ರ ಹಂಚಿಸಿದರು. ಬಡ ಪ್ರತಿಭೆಯೊಂದನ್ನು ಬೀದಿಯಿಂದ ಎತ್ತಿ ತಂದು ಸಾಕುತ್ತಿರುವುದಾಗಿ ಅದರಲ್ಲಿತ್ತು. ಚಿಕ್ಕಣ್ಣನವರು ಅದಕ್ಕೆ ಉತ್ತರವಾಗಿ ಸ್ಥಳೀಯ ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟರು. ಬೀದಿ ಅಂದದ್ದು ತಮ್ಮ ಟಾಕೀಸನ್ನೇ ಎಂಬುದು ಅವರ ತಕರಾರು. ಸಿದ್ದರಾಜು ಆ ಕರಪತ್ರಗಳಿಂದಲೇ ಟೇಬಲ್ಲಿನ ಅಂಚಿನ ಧೂಳು ಒರೆಸುತ್ತಿದ್ದುದನ್ನು ನಾನು ನೋಡಿದ್ದೇನೆ.

ಆ ಪಂದ್ಯಾವಳಿ ಗುರುಮಲ್ಲಪ್ಪನವರ ಕಲ್ಯಾಣಮಂಟಪದ ಊಟದ ಹಾಲಿನಲ್ಲಿ, ಅವರು ತರಿಸಿ ನಾನು ಕೂರಿಸಿದ ಟೇಬಲ್ಲಿನ ಮೇಲೆ ನಡೆಯಿತು. ಮೊದಲ ಸ್ಥಾನ ಬಂದವನಿಗೆ ರಾಜ್ಯ ತಂಡದ ಕ್ಯಾಂಪಿನಲ್ಲಿ ಜಾಗವಿತ್ತು. ಅಲ್ಲಿ ಚೆನ್ನಾಗಿ ಆಡಿದವರನ್ನು ಕ್ರೀಡಾ ತಂಡವಿರುವ ಆಫೀಸುಗಳು ಕರೆದು ಕೆಲಸ ಕೊಡುತ್ತಿದ್ದವು. ಎರಡನೇ ಸ್ಥಾನಕ್ಕೆ ಏನೂ ಇರಲಿಲ್ಲ. ಸಿದ್ದರಾಜು ಫೈನಲ್‌ಗೆ ಬಂದ. ಎದುರಾಳಿ ಮೈಸೂರಿನ ಒಬ್ಬ ಕಾಲೇಜು ಹುಡುಗ, ಒಳ್ಳೆಯ ಆಟಗಾರನೇ. ಅಂದು ಬೆಳಗ್ಗೆ ಸಿದ್ದರಾಜು ನನ್ನ ಹತ್ತಿರ ಬಂದು ಮೆಲ್ಲಗೆ, “ಸಾ, ಇವತ್ತು ನಮ್ಮವ್ವ ಬತ್ತದೆ. ಒಸಿ ಜಾಗ ಮಾಡ್ಕೊಡಿ,” ಅಂದ. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಸಿದೆ. ಆ ದಿನ ನಾನು ಅವನಿಗೆ ಮಾಡಿದ ಉಪಕಾರ ಅದೊಂದೇ.

ಫೈನಲ್‌ಗೆ ಮೊದಲು ಟೇಬಲ್ ಪೂಜೆ ಇಟ್ಟುಕೊಂಡಿದ್ದರು. ನಮ್ಮ ಕಡೆ ಹೊಸ ಲಾರಿ ಬಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರಲ್ಲ, ಲಾರಿ ಮಾಲೀಕರಾದ ಗುರುಮಲ್ಲಪ್ಪನವರಿಗೆ ಅದಿಲ್ಲದೆ ಪೂಜೆ ಪೂಜೆಯೇ ಅಲ್ಲ. ಟೇಬಲ್ಲಿಗೆ ಚಕ್ರವಿಲ್ಲ, ಓಡುವುದಿಲ್ಲ. ಆದ್ದರಿಂದ ಟೇಬಲನ್ನೇ ಎತ್ತಿ ಕಾಲಿನ ಕೆಳಗೆ ನಿಂಬೆಹಣ್ಣು ಇಟ್ಟು ಇಳಿಸುವುದು ಅವರ ರೂಢಿ. ಮಹಡಿಯ ಟೇಬಲ್ಲಿಗೆ ಹಾಗೆ ಮಾಡಿದಾಗೆಲ್ಲ ನಾನು ಆಮೇಲೆ ಸಿಪ್ಪೆ ಕಿತ್ತು ಒರೆಸಿ, ಮತ್ತೆ ಲೆವೆಲ್ ಮಾಡಿ ಬರುತ್ತಿದ್ದೆ. ಅರ್ಧ ದಿನದ ಕೆಲಸ. ಅಂದೂ ಬೆಳಗ್ಗೆ ಬೇಗ ಪೂಜೆ ಮುಗಿಸಿ ಕೊಡಿ ಎಂದು ಕೇಳಿಕೊಂಡಿದ್ದೆ, ಅವರು ಒಪ್ಪಿಯೂ ಇದ್ದರು. ಆದರೆ ಮುಖ್ಯ ಅತಿಥಿಗಳು ಬರುವಾಗ ಮಧ್ಯಾಹ್ನವಾಯಿತು. ಅವರ ಹಿಂದೆಯೇ ಜೀಪಿನಲ್ಲಿ ಚಿಕ್ಕಣ್ಣನವರು ತಮ್ಮ ಜನ, ಹಾರ, ಬಾಜಾ ಸಮೇತ ಇಳಿದರು.

“ನಮ್ಮುಡ್ಗನ ಆಟಕ್ಕೆ ನಮ್ಮ್ ನಿಂಬೆಣ್ಣೂ ಇರ್ಬೇಕು,” ಎಂಬುದು ಅವರ ಪಟ್ಟು.

ಸಮಿತಿಯ ಅಧ್ಯಕ್ಷರು ಸಮಾಧಾನದ ಮನುಷ್ಯ, ನಿವೃತ್ತ ದೈಹಿಕ ಶಿಕ್ಷಕರು. ಬಹಳ ಯೋಚಿಸಿ ತೀರ್ಪು ಕೊಟ್ಟರು. ನಾಲ್ಕು ಕಾಲುಗಳಲ್ಲಿ ಬಾಗಿಲ ಕಡೆಯ ಎರಡು ಗುರುಮಲ್ಲಪ್ಪನವರಿಗೆ, ಕಿಟಕಿಯ ಕಡೆಯ ಎರಡು ಚಿಕ್ಕಣ್ಣನವರಿಗೆ. ಎಲ್ಲರೂ ತಲೆದೂಗಿದರು. ಗುರುಮಲ್ಲಪ್ಪನವರು ತಂದದ್ದು ಅಂಗಡಿಯ ಸಾಧಾರಣ ನಿಂಬೆಹಣ್ಣು. ಚಿಕ್ಕಣ್ಣನವರು ಅವರನ್ನು ಮೀರಿಸಬೇಕೆಂದೇ ತೋಟದಿಂದ ಗಜನಿಂಬೆ ತಂದಿದ್ದರು, ಬೊಗಸೆ ತುಂಬುವಂಥದ್ದು, ಬೆರಳು ದಪ್ಪ ಸಿಪ್ಪೆಯದು. ಆಳುಗಳು ಟೇಬಲ್ಲಿನ ಒಂದು ಪಕ್ಕ ಎತ್ತಿದರು, ಇಳಿಸಿದರು, ಮತ್ತೊಂದು ಪಕ್ಕ ಎತ್ತಿದರು. ಸಂದಿಯ ಮೇಣ ನೆಟಿಕೆ ಮುರಿದಂತೆ ಸದ್ದು ಮಾಡಿದ್ದು ಬಾಜಾದ ನಡುವೆಯೂ ನನಗೆ ಕೇಳಿಸಿತು. ಕಿಟಕಿಯ ಪಕ್ಕ ಮೇಲೆ ನಿಂತಿತು.

ನಾನು ಲೆವೆಲ್ ಇಟ್ಟು ನೋಡಿದೆ. ಗುಳ್ಳೆ ನಡುವೆ ಇರಲಿಲ್ಲ, ಕಿಟಕಿಯ ಕಡೆಗೆ ಸರಿದು ಕೂತಿತ್ತು. ಗುರುಮಲ್ಲಪ್ಪನವರ ಹತ್ತಿರ ಹೋಗಿ, ಸಿಪ್ಪೆ ತೆಗೆದು ಮತ್ತೆ ಕೂರಿಸಬೇಕು, ಫೈನಲ್ ಸಂಜೆಗೆ ಹಾಕಿ ಅಂದೆ.

“ಪೂಜೆ ಮಾಡಿದ್ ನಿಂಬೆಣ್ಣ ಇವತ್ತೇ ಕೀಳದೇನಯ್ಯಾ? ನಂದು ಕಿತ್ರೆ ಅವ್ನು ನಗ್ತಾನೆ, ಅವುಂದು ಕಿತ್ರೆ ಗಲಾಟೆ ಮಾಡ್ತಾನೆ. ಅತಿಥಿಗಳು ಕಾಯ್ತಾವ್ರೆ. ಆಟ ಮುಗುದ್ ಮ್ಯಾಕೆ ಏನಾರ ಮಾಡ್ಕೊ,” ಅಂದರು.

ಆಗ ನಾನು ಮಾಡಬೇಕಾದ್ದು ಸರಳವಾಗಿತ್ತು. ನೇರವಾಗಿ ರೆಫರಿಯ ಹತ್ತಿರ ಹೋಗಿ ಟೇಬಲ್ ಸರಿ ಇಲ್ಲ ಎಂದಿದ್ದರೆ ಪಂದ್ಯ ನಿಲ್ಲುತ್ತಿತ್ತು. ಆ ಅಧಿಕಾರ ನನ್ನದೇ. ಹೋಗಲು ಎರಡು ಹೆಜ್ಜೆ ಇಟ್ಟೂ ಇದ್ದೆ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಬಂತು. ‘ಪೂಲ್ ಕ್ರೀಡೆಯ ತೆರೆಮರೆಯ ಪೋಷಕ ಶ್ರೀ ಜಯರಾಮು ಅವರಿಗೆ ಸನ್ಮಾನ’. ನನಗೆ ಮೊದಲೇ ಹೇಳಿರಲಿಲ್ಲ. ವೇದಿಕೆಗೆ ಎಳೆದುಕೊಂಡು ಹೋಗಿ ತಲೆಗೆ ಮೈಸೂರು ಪೇಟ ಇಟ್ಟರು, ಶಾಲು ಹೊದೆಸಿದರು, ಒಂದು ಪಕ್ಕ ಗುರುಮಲ್ಲಪ್ಪನವರು ಇನ್ನೊಂದು ಪಕ್ಕ ಚಿಕ್ಕಣ್ಣನವರು ನಿಂತು ಫೋಟೊ ತೆಗೆಸಿದರು. ಅಷ್ಟು ವರ್ಷ ಕ್ಲಬ್ಬುಗಳ ಹಿಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದಲೇ ಹೊರಗೆ ಬಂದವನು ನಾನು. ಪೇಟ ತಲೆಯ ಮೇಲೆ ಕೂತಾಗ ಮೈಯೆಲ್ಲ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ, ತುಂಬಾ ಇಷ್ಟವಾಯಿತು. ಬ್ಯಾನರಿನ ಬಿರುದು ಓದಿ ನಕ್ಕಿದ್ದವನು ನನ್ನ ಬಿರುದಿಗೆ ಕೈಮುಗಿದೆ.

ಇಳಿದು ಬರುವಾಗ ರೆಫರಿ ಕೇಳಿದರು, “ಟೇಬಲ್?”

“ಸರಿ ಇದೆ,” ಅಂದೆ. ಪೇಟ ಇನ್ನೂ ತಲೆಯ ಮೇಲಿತ್ತು.

ನನ್ನ ಲೆಕ್ಕಾಚಾರ ಇಷ್ಟೇ: ಇಬ್ಬರೂ ಒಂದೇ ಟೇಬಲ್ಲಿನ ಮೇಲೆ ಆಡುತ್ತಾರೆ, ಇಬ್ಬರಿಗೂ ಒಂದೇ ತೊಂದರೆ. ಜೋರಾಗಿ ಹೊಡೆಯುವವರಿಗೆ ಗೊತ್ತೂ ಆಗುವುದಿಲ್ಲ. ಮನುಷ್ಯ ತನ್ನನ್ನು ತಾನು ನಂಬಿಸಿಕೊಳ್ಳಲು ಎಷ್ಟು ಬೇಗ ಕಲಿಯುತ್ತಾನೆ ಎಂದು ಈಗ ಅಸಹ್ಯವಾಗುತ್ತದೆ.

ಇಬ್ಬರೂ ಸಮಸಮವಾಗಿ ಗೆದ್ದು ಪಂದ್ಯ ಕೊನೆಯ ಆಟಕ್ಕೆ ಬಂತು. ಆಡುತ್ತಿದ್ದುದು ಎಂಟನೇ ಚೆಂಡಿನ ಆಟ: ತನ್ನ ಪಾಲಿನ ಚೆಂಡುಗಳನ್ನೆಲ್ಲ ಅಂಚಿನ ತೂತುಗಳಿಗೆ, ಅಂದರೆ ಪಾಕೆಟ್ಟುಗಳಿಗೆ ಹಾಕಿದ ಮೇಲೆ ಕಪ್ಪು ಬಣ್ಣದ ಎಂಟನೇ ಚೆಂಡನ್ನು ಮೊದಲು ಹಾಕಿದವನು ಗೆದ್ದಂತೆ. ಸಿದ್ದರಾಜುವಿಗೆ ಉಳಿದಿದ್ದುದು ಆ ಕಪ್ಪು ಚೆಂಡು ಮಾತ್ರ. ಅದು ಕಿಟಕಿಯ ಅಂಚಿನ ಉದ್ದಕ್ಕೆ ಹೋಗಿ ಮೂಲೆಯ ಪಾಕೆಟ್ಟಿಗೆ ಬೀಳಬೇಕು. ಜೋರಾಗಿ ಹೊಡೆದರೆ, ಕೋಲಿನಿಂದ ಹೊಡೆಯುವ ಬಿಳಿ ಚೆಂಡೂ ಅದರ ಹಿಂದೆಯೇ ಹೋಗಿ ಬೀಳುವಂತಿತ್ತು. ಹಾಗಾದರೆ ಸೋತಂತೆ. ಮೆಲ್ಲಗೆ ತಳ್ಳುವುದೊಂದೇ ದಾರಿ. ಅವನು ಬಗ್ಗಿದ, ನೋಡಿದ, ಮತ್ತೆ ಎದ್ದ. ಕೋಲಿನ ತುದಿಗೆ ಚಾಕ್ ಹಚ್ಚುವ ನೆಪದಲ್ಲಿ ನನ್ನ ಹತ್ತಿರ ಬಂದ. ಯಾವುದೋ ಹಿಂದಿನ ಏಟಿನಲ್ಲಿ ಚೆಂಡು ಸರಿದದ್ದು ಅವನ ಕಣ್ಣಿಗೆ ಬಿದ್ದಿತ್ತು.

“ಸಾ, ಲೆವೆಲ್ ನೋಡುದ್ರಾ?”

“ನೋಡಿದ್ದೀನಿ. ಆಡು,” ಅಂದೆ.

ನಾನು ಇಲ್ಲ ಅಂದಿದ್ದರೂ ಸಾಕಿತ್ತು, ತಲೆ ಅಲ್ಲಾಡಿಸಿದ್ದರೂ ಸಾಕಿತ್ತು. ಅವನು ಆ ವಾಟವನ್ನು ಲೆಕ್ಕಕ್ಕೆ ಹಿಡಿದು ಸ್ವಲ್ಪ ಕಿಟಕಿಯ ಕಡೆಗೆ ಗುರಿ ಇಡುತ್ತಿದ್ದ. ಅವನಿಗೆ ಅಷ್ಟು ಆಟ ಬರುತ್ತಿತ್ತು. ತನ್ನ ಕಣ್ಣಿಗಿಂತ ನನ್ನ ಮಾತನ್ನು ಹೆಚ್ಚು ನಂಬಿ ನೇರವಾಗಿ ಹೊಡೆದ. ಕಪ್ಪು ಚೆಂಡು ನೇರವಾಗಿ ಹೊರಟು, ನಿಧಾನವಾಗುತ್ತಾ ಬಂದು, ಪಾಕೆಟ್ ಹತ್ತಿರ ಬಾಗಿಲ ಕಡೆಗೆ ಸರಿದು, ಪಾಕೆಟ್ಟಿನ ತುಟಿಗೆ ತಾಗಿ ನಿಂತಿತು. ಮೈಸೂರಿನ ಹುಡುಗನಿಗೂ ಅದೊಂದೇ ಉಳಿದಿತ್ತು, ಎದ್ದು ಬಂದು ಹಾಕಿದ. ಹಾಲೆಲ್ಲ ಚಪ್ಪಾಳೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಸಿದ್ದರಾಜುವಿನ ತಾಯಿಯೂ ಎದ್ದುನಿಂತು ಚಪ್ಪಾಳೆ ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ, “ನಮ್ಮುಡ್ಗ ಗೆದ್ನಾ ಸ್ವಾಮಿ?” ಎಂದು ಕೇಳಿದರು. ಪೇಟ ನೋಡಿ ನಾನೇ ದೊಡ್ಡ ಮನುಷ್ಯ ಅಂದುಕೊಂಡಿದ್ದರು.

ಅಲ್ಲಿಗೆ ಮುಗಿಯಲಿಲ್ಲ. ಮರುದಿನವೇ ಚಿಕ್ಕಣ್ಣನವರು, ನಂಜನಗೂಡಿನವರು ಟೇಬಲ್ಲಿಗೆ ಏನೋ ಮಾಡಿಸಿ ನಮ್ಮ ಹುಡುಗನನ್ನು ಸೋಲಿಸಿದರು ಎಂದು ಹೇಳಿಕೆ ಕೊಟ್ಟರು. ಗುರುಮಲ್ಲಪ್ಪನವರಿಗೆ ತಮ್ಮ ಟೇಬಲ್ಲಿನ ಮಾನ ಉಳಿಯಬೇಕಿತ್ತು. ಸಿದ್ದರಾಜು ಚಿಕ್ಕಣ್ಣನಿಗೆ ಮಾರಿಕೊಂಡು, ತಮ್ಮ ಮುಖಕ್ಕೆ ಮಸಿ ಬಳಿಯಲೆಂದೇ ಬೇಕಂತ ಸೋತ ಎಂದು ಲಿಖಿತ ದೂರು ಕೊಟ್ಟರು. ಸಾಕಿದವರೇ ಹಾಕಿದ ಆರೋಪ. ಅದು ನಿಜವೆಂದಾದರೆ ಅವನು ಇನ್ನು ಯಾವ ಪಂದ್ಯಾವಳಿಯಲ್ಲೂ ಆಡುವಂತಿರಲಿಲ್ಲ. ಸಮಿತಿ ವಿಚಾರಣೆ ಕರೆಯಿತು. ಕೇಳಬೇಕಾದ ಪ್ರಶ್ನೆ ಒಂದೇ: ಟೇಬಲ್ ಸರಿ ಇತ್ತೋ, ಇಲ್ಲವೋ? ಉತ್ತರ ಹೇಳಬೇಕಾದವನೂ ಒಬ್ಬನೇ.

ವಿಚಾರಣೆಯ ದಿನ ಬೆಳಗ್ಗೆ ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತಾ ಹೇಳಿಬಿಡಬೇಕು ಎಂದು ನಿಶ್ಚಯಿಸಿದ್ದೆ. ಕಬಿನಿಯ ಸೇತುವೆ ದಾಟುವಷ್ಟರಲ್ಲಿ ಆ ನಿಶ್ಚಯ ಅಳ್ಳಕವಾಗಿತ್ತು. ಲೆವೆಲ್ ಕೆಟ್ಟ ಟೇಬಲ್ಲಿಗೆ ಸರಿ ಇದೆ ಎಂದ ಫಿಟ್ಟರನ್ನು ಯಾವ ಕ್ಲಬ್ಬು ಕರೆಯುತ್ತದೆ? ಮನೆ ನಡೆಯುವುದು ಹೇಗೆ? ಹೀಗೆ ಯೋಚಿಸುತ್ತಲೇ ಹೋಗಿ ಕೂತೆ. ಅಧ್ಯಕ್ಷರು ಮೊದಲು ಸಿದ್ದರಾಜುವನ್ನೇ ಕೇಳಿದರು.

“ಟೇಬಲ್ ಸರಿಯಾಗಿತ್ತು ಸಾ. ನಾನೇ ತಪ್ಪು ಒಡ್ದೆ. ಅವ್ವ ಬಂದಿತ್ತಲ್ಲ, ಕೈ ನಡುಗ್ತು. ಯಾರತ್ರಾನೂ ಏನೂ ಈಸ್ಕಂಡಿಲ್ಲ,” ಅಂದ.

ಅವನ ಕೈ ನಡುಗುವುದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅಧ್ಯಕ್ಷರು ನನ್ನ ಕಡೆ ತಿರುಗಿ, “ನೀವೇನಾದ್ರೂ ಹೇಳೋದಿದೆಯಾ ಜಯರಾಮು?” ಅಂದರು. ಗುರುಮಲ್ಲಪ್ಪನವರೂ ಚಿಕ್ಕಣ್ಣನವರೂ ನನ್ನನ್ನೇ ನೋಡುತ್ತಿದ್ದರು. ಇಬ್ಬರ ಕಣ್ಣಲ್ಲೂ ಒಂದೇ ಬೇಡಿಕೆ, ಸುಮ್ಮನಿರಯ್ಯ ಅಂತ. ನಿಂಬೆಹಣ್ಣು ಇಬ್ಬರದೂ ಇತ್ತಲ್ಲ.

“ಇಲ್ಲ ಸಾರ್,” ಅಂದೆ.

ಹುಡುಗ ತಪ್ಪೊಪ್ಪಿಕೊಂಡಿದ್ದಾನೆ, ದುರುದ್ದೇಶವಿಲ್ಲ ಎಂದು ಬರೆದು ಫೈಲ್ ಮುಚ್ಚಿದರು. ಪೋಷಕರಿಬ್ಬರೂ ಕೈಕುಲುಕಿದರು. ಉಪ್ಪಿಟ್ಟು, ಕಾಫಿ ಬಂತು. ಅದುವರೆಗೆ ಸಿದ್ದರಾಜು ನಮ್ಮವನು ನಮ್ಮವನು ಎಂದು ಕಿತ್ತಾಡಿದವರಲ್ಲಿ ಒಬ್ಬರೂ ಅವನಿಗೊಂದು ತಟ್ಟೆ ಕೊಡಿ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅವನು ಹೊರಗೆ ಮೆಟ್ಟಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದ. ಹಿಂದೆಯೇ ಓಡಿಹೋಗಿ, “ಯಾಕಪ್ಪಾ ಹಂಗೆ ಹೇಳ್ದೆ?” ಎಂದು ಕೇಳಿದೆ.

“ಇನ್ನೇನ್ ಏಳದು ಸಾ? ಟೇಬಲ್ ಕೆಟ್ಟಿತ್ತು ಅಂದ್ರೆ ನಿಮ್ಮುನ್ನ ಯಾರ್ ಕರೀತಾರೆ? ಇದ್ ಬುಟ್ರೆ ನಿಮ್ಗೆ ಬ್ಯಾರೆ ಕೆಲ್ಸ ಬರಾಕಿಲ್ಲ. ನಾನಾದ್ರೆ ಎಲ್ಲಾರ ಏನಾರ ಮಾಡ್ಕತೀನಿ.” ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡು ಹೊರಟ.

ಗುರುಮಲ್ಲಪ್ಪನವರು ಅದೇ ತಿಂಗಳು ಅವನನ್ನು ಮಾರ್ಕರ್ ಕೆಲಸದಿಂದ ಬಿಡಿಸಿದರು. ಚಿಕ್ಕಣ್ಣನವರೂ ವಾಪಸ್ ಕರೆಯಲಿಲ್ಲ. ಸೋತ ಮೇಲೆ ಅವನನ್ನು ಸಾಕಿದವರು ಯಾರು ಎಂಬ ಜಗಳವೇ ಉಳಿಯಲಿಲ್ಲ. ನನಗೆ ಮಾತ್ರ ಎರಡು ಊರಿನಿಂದಲೂ ಕೆಲಸ ಬರುತ್ತಲೇ ಇತ್ತು.

2007ರಲ್ಲಿ ಅವನಿಂದ ಫೋನ್ ಬಂತು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್ ಆಗಿದ್ದೇನೆ, ಒಂದು ಹಳೇ ಟೇಬಲ್ ಸಿಕ್ಕಿದೆ, ಬಾಡಿಗೆ ಕೋಣೆಯಲ್ಲಿ ಹಾಕಬೇಕು, ನೀವೇ ಬರಬೇಕು ಅಂದ. ಹೋದೆ. ಬಿಳಿಗೆರೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದೇ ಟೇಬಲ್ ಹಿಡಿಸುವ ಕೋಣೆ. ಗೋಡೆಯ ಮೇಲೆ ಬುದ್ಧನ ಸಣ್ಣದೊಂದು ಪಟ, ಹೊರಗೆ ಬೋರ್ಡಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಕೂತು, ನನ್ನ ಜನ್ಮದಲ್ಲಿ ಇನ್ನೊಂದು ಟೇಬಲ್ಲಿಗೆ ಕೊಡದಷ್ಟು ನಿಗಾ ಕೊಟ್ಟು ಕೂರಿಸಿದೆ. ಅವನ ತಾಯಿ ಟೀ ತಂದವರು ಮಗನನ್ನು ಕೇಳಿದರು, “ಹೊಸ ಸಾಮಾನಪ್ಪಾ, ಒಂದು ನಿಂಬೆಣ್ಣಾರ ಇಡ್ಬಾರ್ದಾ?”

“ಬಾಗ್ಲಿಗೆ ಕಟ್ಟವ್ವ, ಕಾಲಿಗೆ ಬ್ಯಾಡ,” ಎಂದು ಅವನು ನಕ್ಕ.

ಕೆಲಸ ಮುಗಿದ ಮೇಲೆ ಲೆವೆಲನ್ನು ಅವನ ಕೈಗೆ ಕೊಟ್ಟು, ನೀನೇ ಇಟ್ಟು ನೋಡು ಅಂದೆ. ಅವನು ಅದನ್ನು ಬಟ್ಟೆಯಲ್ಲಿ ಒರೆಸಿ, ಟೇಬಲ್ಲಿನ ಮೇಲೆ ಇಡದೆ ನನ್ನ ಚೀಲಕ್ಕೆ ಹಾಕಿದ.

“ನೀವ್ ನೋಡಿದ್ದೀರಲ್ಲ ಸಾ, ಸಾಕು,” ಅಂದ.

ಅದು ಚುಚ್ಚು ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿಯೂ ಹಾಗೇ ಅಂದುಕೊಂಡಿದ್ದ. ಕೈ ತೊಳೆಯುವ ನೆಪ ಹೇಳಿ ಹೊರಗೆ ಹೋಗಿ ಬಂದೆ. ಬಂದು, ಚೀಲದಿಂದ ಲೆವೆಲ್ ತೆಗೆದು, ಅವನ ಕಣ್ಣೆದುರಿಗೇ ನಾಲ್ಕೂ ಮೂಲೆ ಮತ್ತೆ ನೋಡಿದೆ.

ಅಂದಿನಿಂದ ನಾನು ಟೇಬಲ್ ಸರಿ ಇದೆ ಎಂದು ಬಾಯಲ್ಲಿ ಹೇಳುವುದನ್ನು ಬಿಟ್ಟೆ. ಆಟಗಾರರನ್ನು ಹತ್ತಿರ ಕರೆದು, ಅವರ ಕೈಯಲ್ಲೇ ಚೆಂಡು ಮೆಲ್ಲಗೆ ಉರುಳಿಸಿ ತೋರಿಸುತ್ತಿದ್ದೆ. ಪಂದ್ಯ ಮುಗಿಯುವವರೆಗೆ ಯಾರಿಂದಲೂ ಹಾರ, ಶಾಲು ಮುಟ್ಟುತ್ತಿರಲಿಲ್ಲ. ನನ್ನ ಕೆಲಸ ಕಲಿಸಿದ್ದು ಇಷ್ಟು: ಒಬ್ಬ ಆಟಗಾರ ಬಂದು ಕೇಳುವ ಒಂದು ಪ್ರಶ್ನೆಗೆ ನಿಜ ಹೇಳುವುದೇ ಫಿಟ್ಟರನ ಪೂರಾ ಕೆಲಸ, ಇಸ್ಪೀಟ್ ಎಲೆ, ಮೇಣ ಎಲ್ಲ ಅದಕ್ಕೆ ತಯಾರಿ. ಪೇಟ ಇನ್ನೂ ಮನೆಯ ಅಟ್ಟದ ಮೇಲಿದೆ. ಮೊಮ್ಮಕ್ಕಳು ಕೇಳಿದರೆ ಯಾರದೋ ಮದುವೆಯದು ಎಂದು ಹೇಳಿದ್ದೇನೆ. ವಿಚಾರಣೆಯ ಕೋಣೆಯಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಹೇಳುತ್ತೇನೆ, ಯಾರಾದರೂ ಆ ಫೈಲ್ ನೋಡಿದವರಿದ್ದರೆ ಇದನ್ನೂ ಓದಲಿ. ಅಂದು ಟೇಬಲ್ ಸರಿ ಇರಲಿಲ್ಲ. ಸಿದ್ದರಾಜು ನೇರವಾಗಿಯೇ ಹೊಡೆದಿದ್ದ.